ಸೋಲುತ್ತಿರುವ ಫುಟ್‌ಬಾಲ್ ತಂಡಕ್ಕೆ ಹೊಸ ಹೆಸರು ಬೇಕಾ, ಹಳೇ ಜೆರ್ಸಿ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು. ಸಕಲೇಶಪುರ ಕಡೆಯ ನಿಮ್ಮ ಊರಿನ ಫುಟ್‌ಬಾಲ್ ತಂಡ ಕೆಲವು ವರ್ಷಗಳಿಂದ ಸೋಲುತ್ತಲೇ ಇದೆ. ಕಮಿಟಿಯಲ್ಲಿ ಕೆಲವರು ಹೊಸ ಹೆಸರು, ಹೊಸ ಲೋಗೋ ಮಾಡಿಸೋಣ ಅನ್ನುತ್ತಾರೆ. ಇನ್ನು ಕೆಲವರು ಅಪ್ಪಂದಿರ ಕಾಲದ ಹಸಿರು-ಬಿಳಿ ಜೆರ್ಸಿ ವಾಪಸ್ ತರೋಣ, ಹಳೇ ಫೋಟೋ ಹಾಕೋಣ, ಜನ ತಾವಾಗೇ ಬರುತ್ತಾರೆ ಅನ್ನುತ್ತಾರೆ. ಯಾವುದು ಸರಿ ಅಂತ ಕೇಳಿದ್ದೀರಿ.

ನಾನು ಹಾಸನದಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. ನನ್ನ ಮಾತು ನೇರವಾಗಿ ಹೇಳುತ್ತೇನೆ. ಹೆಸರು ಮುಟ್ಟಬೇಡಿ. ಹಳೇ ಬಣ್ಣ ಖಂಡಿತ ತನ್ನಿ. ಆದರೆ ಅದರ ಜೊತೆಗೆ ಆ ಹಳೇ ತಂಡ ಹೇಗೆ ನಡೆಯುತ್ತಿತ್ತೋ ಅದನ್ನೂ ತನ್ನಿ. ಅದು ಆಗಲ್ಲ ಅಂದರೆ ಜೆರ್ಸಿಗೆ ದುಡ್ಡು ಹಾಕಲೇಬೇಡಿ.

ಹೆಸರು ಬದಲಾದರೆ ಅದೃಷ್ಟ ಬದಲಾಗುತ್ತೆ ಅನ್ನೋರು ಆರ್‌ಸಿಬಿ ಕಡೆ ಬೆರಳು ತೋರಿಸುತ್ತಾರೆ. 2024ರ ಮಾರ್ಚ್‌ನಲ್ಲಿ ಬ್ಯಾಂಗಲೂರ್ ಹೋಗಿ ಬೆಂಗಳೂರು ಆಯಿತು, 2025ರಲ್ಲಿ ಕಪ್ ಬಂತು, ನಿಜ. ಆದರೆ ಹೆಣ್ಣುಮಕ್ಕಳ ತಂಡ ಕಪ್ ಗೆದ್ದಿದ್ದು ಹೆಸರು ಬದಲಾಗುವ ಮೊದಲೇ ಅಲ್ವಾ? ಲೋಗೋ ಕೂಡ 2020ರಲ್ಲೇ ಬದಲಾಗಿತ್ತು, ಆಮೇಲೆ ಗಂಡುಮಕ್ಕಳ ತಂಡ ಐದು ವರ್ಷ ಕಾಯಿತು. 2025ರಲ್ಲಿ ನಿಜವಾಗಿ ಬದಲಾಗಿದ್ದು ಬೌಲಿಂಗ್. ಹೇಜಲ್‌ವುಡ್ ವಾಪಸ್ ಬಂದರು, ಭುವನೇಶ್ವರ್ ಬಂದರು. ಫೈನಲ್‌ನಲ್ಲಿ ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗೆ 17 ರನ್ ಕೊಟ್ಟು 2 ವಿಕೆಟ್ ತೆಗೆದರು. ಪಂಜಾಬ್ ಸೋತಿದ್ದು ಬರೀ 6 ರನ್‌ಗಳಿಂದ.

ಫುಟ್‌ಬಾಲ್‌ಗೇ ಬರೋಣ. ಜೆರ್ಸಿ ಬದಲಿಸಿ ಉದ್ಧಾರವಾದ ತಂಡ ಅಂತ ಎಲ್ಲರೂ ಹೇಳುವುದು ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಹೆಸರು. 1961ರಲ್ಲಿ ಡಾನ್ ರೆವಿ ಮ್ಯಾನೇಜರ್ ಆದಾಗ ತಂಡ ಎರಡನೇ ಡಿವಿಷನ್‌ನಲ್ಲಿ ಒದ್ದಾಡುತ್ತಿತ್ತು. ಹಳೇ ನೀಲಿ-ಹಳದಿ ತೆಗೆದು ರಿಯಲ್ ಮ್ಯಾಡ್ರಿಡ್ ಥರ ಪೂರ್ತಿ ಬಿಳಿ ಹಾಕಿಸಿದರು. ಆ ಕಥೆ ಇಲ್ಲಿಗೇ ನಿಂತರೆ ಚೆನ್ನಾಗಿರುತ್ತೆ. ಆದರೆ 1962ರಲ್ಲಿ, ಆ ಬಿಳಿ ಜೆರ್ಸಿಯಲ್ಲೇ, ಅವರು ಮೂರನೇ ಡಿವಿಷನ್‌ಗೆ ಬೀಳುವುದರಿಂದ ಸ್ವಲ್ಪದರಲ್ಲಿ ಪಾರಾದರು. ಕೈ ಹಿಡಿದಿದ್ದು ಹುಡುಗರು. ಬ್ರೆಮ್ನರ್, ಹಂಟರ್, ರೀನಿ, ಸ್ಪ್ರೇಕ್, ಇವರೆಲ್ಲ ಕ್ಲಬ್ಬಿನಲ್ಲೇ ಬೆಳೆದವರು. ಇನ್ನೂ ಮೀಸೆ ಚಿಗುರುವ ವಯಸ್ಸಿನವರನ್ನು ರೆವಿ ಧೈರ್ಯವಾಗಿ ಆಡಿಸಿದರು. ಅವರ ನಡುವೆ ಬಾಬಿ ಕಾಲಿನ್ಸ್ ಎಂಬ ಅನುಭವಿಯನ್ನು ತಂದು ನಿಲ್ಲಿಸಿದರು. 1964ರಲ್ಲಿ ಮೊದಲ ಡಿವಿಷನ್‌ಗೆ ಹತ್ತಿದರು. 1969ರಲ್ಲಿ ಮತ್ತು 1974ರಲ್ಲಿ ಲೀಗ್ ಗೆದ್ದರು. ಇವತ್ತು ಜನರಿಗೆ ಬಿಳಿ ಬಣ್ಣ ನೆನಪಿದೆ. ಆ ಹುಡುಗರನ್ನು ಬೆಳೆಸಿದ ವರ್ಷಗಳು ಅಷ್ಟಾಗಿ ನೆನಪಿಲ್ಲ. ನಿಮ್ಮ ಕಮಿಟಿ ಮುಂದೆ ಈ ಒಂದು ಕಥೆ ಹೇಳಿದರೆ ಸಾಕು ಅಂತ ನನಗನಿಸುತ್ತೆ.

ಗೆಲುವು ಬೇರೆ, ಜನರ ಪ್ರೀತಿ ಬೇರೆ. ವೇಲ್ಸ್‌ನ ಕಾರ್ಡಿಫ್ ಸಿಟಿ ಕ್ಲಬ್ಬಿನ ಮಾಲೀಕರು 2012ರಲ್ಲಿ ನೀಲಿ ಜೆರ್ಸಿಯನ್ನು ಕೆಂಪು ಮಾಡಿದರು. ಮರುವರ್ಷವೇ ತಂಡ ಅಲ್ಲಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ಗೆ ಹೋಯಿತು. ಆದರೂ ಅಭಿಮಾನಿಗಳ ಸಂಕಟ ಕಡಿಮೆ ಆಗಲಿಲ್ಲ. ತಂಡ ಕೆಳಗಿಳಿದ ಮೇಲೆ, 2015ರ ಜನವರಿಯಲ್ಲಿ, ನೀಲಿ ವಾಪಸ್ ಬಂತು. ನಮ್ಮ ದೇಶದಲ್ಲೇ ನೋಡಿ. 1889ರಲ್ಲಿ ಹುಟ್ಟಿದ ಕೋಲ್ಕತ್ತದ ಕ್ಲಬ್ ಮೋಹನ್ ಬಗಾನ್ ಹೆಸರಿನ ಮುಂದೆ 2020ರಲ್ಲಿ ಎಟಿಕೆ ಅಂತ ಇನ್ನೊಂದು ಕ್ಲಬ್ಬಿನ ಹೆಸರು ಸೇರಿಸಿದರು. ಅಭಿಮಾನಿಗಳು ಅದನ್ನು ಒಪ್ಪಲೇ ಇಲ್ಲ. 2023ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆದ್ದ ದಿನವೇ ಎಟಿಕೆ ತೆಗೆಯುತ್ತೇವೆ ಅಂತ ಮಾಲೀಕರು ಘೋಷಿಸಬೇಕಾಯಿತು. ಕಪ್ ಗೆದ್ದ ಹೆಸರನ್ನೂ ಜನ ಬೇಡ ಅಂದರು! ಊರಿನವರಿಗೆ ಹೆಸರು ಅಂದರೆ ಅಷ್ಟು. ಅದಕ್ಕೇ ನಿಮ್ಮ ತಂಡದ ಹೆಸರು ಬದಲಿಸಬೇಡಿ ಅಂದಿದ್ದು.

ಈಗ ನಿಮ್ಮ ಊರಿನ ವಿಷಯ. ನಿಮ್ಮ ತಂಡ ಯಾಕೆ ಸೋಲುತ್ತಿದೆ? ನೀವೇ ಪ್ರಶ್ನೆಯಲ್ಲಿ ಬರೆದಿದ್ದೀರಿ. ಆಡುವ ಹುಡುಗರು ಕೆಲಸಕ್ಕೆ ಬೆಂಗಳೂರಿಗೆ ಹೋದರು. ಉಳಿದವರು ಕಾಫಿ ಕೊಯ್ಲು ಶುರುವಾದರೆ ತೋಟದಲ್ಲಿರುತ್ತಾರೆ. ಟೂರ್ನಮೆಂಟ್ ಬಂದಾಗ ಹೊರಗಿನಿಂದ ದುಡ್ಡು ಕೊಟ್ಟು ಮೂರು-ನಾಲ್ಕು ಜನರನ್ನು ಕರೆಸುತ್ತೀರಿ. ಅವರು ಒಳ್ಳೇ ಆಟಗಾರರೇ ಇರಬಹುದು. ಆದರೆ ಒಟ್ಟಿಗೆ ಒಂದು ದಿನವೂ ಪ್ರಾಕ್ಟೀಸ್ ಮಾಡದ ಹನ್ನೊಂದು ಜನ ಗ್ರೌಂಡಿಗೆ ಇಳಿದರೆ ಯಾರು ಎಲ್ಲಿ ಓಡುತ್ತಾರೆ ಅಂತ ಯಾರಿಗೂ ಗೊತ್ತಿರಲ್ಲ. ಇದು ಸಕಲೇಶಪುರದ ಕಥೆ ಮಾತ್ರ ಅಲ್ಲ. ಹಾಸನ, ಬೇಲೂರು, ಮೂಡಿಗೆರೆ, ಎಲ್ಲಾ ಕಡೆ ಇದನ್ನೇ ನೋಡುತ್ತಿದ್ದೇನೆ, ನೋಡಿದಾಗೆಲ್ಲ ಬೇಜಾರಾಗುತ್ತೆ. ಬೌಂಡರಿ ಗೆರೆ ಆಚೆ ನಿಂತ ಊರಿನ ಹುಡುಗ ಬಾಲ್ ಹೆಕ್ಕಿ ಕೊಡುತ್ತಾನೆ. ಆಡೋಕೆ ಅವನಿಗೆ ಜಾಗ ಇಲ್ಲ.

ನಿಮ್ಮ ಅಪ್ಪಂದಿರ ತಂಡದಲ್ಲಿ ಎಲ್ಲರೂ ಊರಿನವರೇ, ದಿನಾ ಸಂಜೆ ಒಟ್ಟಿಗೆ ಆಡುತ್ತಿದ್ದರು ಅಂತ ಬರೆದಿದ್ದೀರಿ. ಹಾಗಾದರೆ ಹಳೆಯದನ್ನು ಅಲ್ಲಿಂದ ಶುರು ಮಾಡಿ. ಈಗ ಐವತ್ತು-ಅರವತ್ತು ದಾಟಿದ ಆ ಆಟಗಾರರ ಮನೆಗೆ ಹೋಗಿ ಕರೆಯಿರಿ. ಸನ್ಮಾನ, ಶಾಲು, ಹಾರ ಇದ್ದರೆ ಸಂತೋಷ. ಆದರೆ ಅದಕ್ಕಿಂತ ಜಾಸ್ತಿ ಬೇಕಿರುವುದು ಅವರ ಭಾನುವಾರ ಬೆಳಗ್ಗೆ. ಹಳೇ ಗೋಲ್‌ಕೀಪರ್ ಹನ್ನೆರಡು ವರ್ಷದ ಹುಡುಗನಿಗೆ ಎಲ್ಲಿ ನಿಲ್ಲಬೇಕು ಅಂತ ತೋರಿಸಲಿ. ಹೆಣ್ಣುಮಕ್ಕಳನ್ನೂ ಕರೆಯಿರಿ, ಅಪ್ಪಂದಿರ ಕಾಲದಲ್ಲಿ ಅವರಿಗೆ ಜಾಗ ಇರಲಿಲ್ಲ, ಅದನ್ನು ಹಾಗೇ ಮುಂದುವರಿಸುವ ಅಗತ್ಯ ಇಲ್ಲ.

ಹಸಿರು-ಬಿಳಿ ಜೆರ್ಸಿ ಮಾಡಿಸಿ, ಊರಿನವರಿಗೂ ಮಾರಿ. ಬೆಂಗಳೂರಿನಲ್ಲಿರುವ ನಿಮ್ಮ ಹುಡುಗರು ಖುಷಿಯಿಂದ ಕೊಳ್ಳುತ್ತಾರೆ. ಬಂದ ದುಡ್ಡನ್ನು ಹೊರಗಿನ ಆಟಗಾರರಿಗೆ ಕೊಡಬೇಡಿ. ಬಾಲ್, ಬೂಟು, ಮಕ್ಕಳ ಬಸ್ ಚಾರ್ಜಿಗೆ ಇಡಿ. ಸ್ಪಾನ್ಸರ್ ಸಿಕ್ಕರೆ ಅವರ ಹೆಸರು ಎದೆ ಮೇಲೆ ಇರಲಿ, ತಂಡದ ಹೆಸರಿನ ಒಳಗೆ ಬೇಡ. ಎರಡು ವರ್ಷ ಇನ್ನೂ ಸೋಲಬಹುದು, ಅದನ್ನು ಕಮಿಟಿಗೆ ಮೊದಲೇ ಹೇಳಿಬಿಡಿ.

ಏಪ್ರಿಲ್-ಮೇ ರಜೆಯಲ್ಲೇ ಹುಡುಗರನ್ನು ಸೇರಿಸಿ. ಜೂನ್ ಬಂದರೆ ನಿಮ್ಮ ಕಡೆ ಮಳೆ ಹಿಡಿಯುತ್ತೆ, ಆಗ ಶಾಲೆ ಜಗಲಿಯಷ್ಟು ಜಾಗ ಸಿಕ್ಕರೂ ಪಾಸಿಂಗ್ ಕಲಿಸಬಹುದು. ಮಳೆ ನಿಂತ ಮೇಲೆ ಹಾಸನಕ್ಕೆ ಕರೆದುಕೊಂಡು ಬನ್ನಿ. ನಮ್ಮ ಹುಡುಗರ ಜೊತೆ ಒಂದು ಫ್ರೆಂಡ್ಲಿ ಮ್ಯಾಚ್ ಆಡಿಸೋಣ, ಮಧ್ಯಾಹ್ನದ ಊಟ ನಮ್ಮ ಕಡೆಯಿಂದ.