ಗಿಡ್ಡ ಆಂಟೆನಾ, ಉದ್ದ ಆಂಟೆನಾ: ವಾಕಿಟಾಕಿಗೆ ಯಾವುದು ಮೇಲೆಂದು ಅಳೆಯುವುದು ಹೇಗೆ?

ಆಂಟೆನಾ ಪರೀಕ್ಷಿಸುವ ಪುಟ್ಟ ಉಪಕರಣ ನ್ಯಾನೋ ವಿಎನ್‌ಎ ಒಂದನ್ನೇ ನಂಬಬೇಡಿ. ಅದು ತೋರಿಸುವ ಎಸ್‌ಡಬ್ಲ್ಯುಆರ್ ಎಂಬ ಅನುಪಾತ ಹೇಳುವುದು ಆಂಟೆನಾದಿಂದ ಎಷ್ಟು ಶಕ್ತಿ ವಾಪಸು ಬಂತು ಎಂದಷ್ಟೇ; ಆಂಟೆನಾ ಬದಲು ಹಾಕುವ 50 ಓಮ್ ರೆಸಿಸ್ಟರಿಗೂ (ಡಮ್ಮಿ ಲೋಡ್) 1:1, ಅಂದರೆ ಏನೂ ವಾಪಸಿಲ್ಲ ಎಂದೇ ಬರುತ್ತದೆ, ಆದರೆ ಅದರಿಂದ ಹೊರಡುವುದು ಬರೀ ಬಿಸಿ. ಮೇಲಾಗಿ ಸೆಟ್ಟಿನ ಬಾಡಿ ಮತ್ತು ಹಿಡಿದ ಕೈ ಆಂಟೆನಾದ ಇನ್ನರ್ಧವಿದ್ದಂತೆ. ಮೇಜಿನ ಮೇಲೆ ವಿಎನ್‌ಎಗೆ ಸಿಕ್ಕಿಸಿದಾಗ ಆ ಅರ್ಧವೇ ಬದಲಾಗಿರುತ್ತದೆ.

ಅಳೆಯಬೇಕಾದ್ದು ದೂರದಲ್ಲಿ ಸಿಗುವ ಸಿಗ್ನಲ್. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೋ ರಿಸೀವರ್), ಲ್ಯಾಪ್‌ಟಾಪ್, ಸಿಗ್ನಲ್ ಹಿಡಿಯಲು ತಲಾ 49 ಸೆಂ.ಮೀ.ನ ಎರಡು ತಂತಿಗಳ ಡೈಪೋಲ್ ಆಂಟೆನಾ ಸಾಕು. ಡೈಪೋಲನ್ನು ಬಿದಿರಿಗೆ ನೆಟ್ಟಗೆ ಕಟ್ಟಿ, 30 ಮೀಟರ್ ದೂರದಿಂದ 145 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಪವರ್‌ನಲ್ಲಿ ವಾಕಿಟಾಕಿಯ ಮಾತಿನ ಬಟನ್ ಒತ್ತಿ (ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಬೇಕು). ಡಾಂಗಲ್‌ನ ಎಜಿಸಿ (ಗೇನನ್ನು ತಾನೇ ಏರಿಳಿಸುವ ವ್ಯವಸ್ಥೆ) ಆಫ್ ಇರಲೇಬೇಕು. ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) 10 ಡಿಬಿ (ಡೆಸಿಬೆಲ್) ಇಳಿಸಿದರೆ ಸಿಗ್ನಲ್ಲೂ ಸುಮಾರು ಅಷ್ಟೇ ಇಳಿಯಬೇಕು; ಇಳಿಯದಿದ್ದರೆ ಡಾಂಗಲ್ ಓವರ್‌ಲೋಡ್ ಆಗಿದೆ, ಆಗ ಬರುವ ಅಂಕಿ ಕಸ.

ಕೊಡಗಿನಲ್ಲಿ ಜಾಗದ್ದೇ ತಕರಾರು. ಕಾಫಿ ತೋಟದೊಳಗೆ ಸಿಲ್ವರ್ ಓಕ್ ಸಾಲು, ಒದ್ದೆ ಎಲೆ, ತಂತಿಬೇಲಿ ಎಲ್ಲವೂ ಸಿಗ್ನಲ್ಲನ್ನು ಚದುರಿಸುತ್ತವೆ. ಒಂದಡಿ ಸರಿದರೆ ಹಲವು ಡಿಬಿ ಏರುಪೇರು. ಹುತ್ತರಿ ಕಳೆದು ಕೊಯ್ಲು ಮುಗಿದ ಒಣ ಗದ್ದೆಬಯಲೇ ಸರಿ. ಅಲ್ಲೂ ಅರ್ಧರ್ಧ ಮೀಟರ್ ಸರಿಯುತ್ತಾ ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆಯಿರಿ.

ಪ್ರತಿ ಕಡೆ ವಾಕಿಟಾಕಿಗೆ ಹಳೆಯ ಆಂಟೆನಾ, ಹೊಸದು, ಮತ್ತೆ ಹಳೆಯದು ಹಾಕಿ ಅಳೆಯಿರಿ. ಮೊದಲ ಮತ್ತು ಮೂರನೆಯ ಅಂಕಿ 1 ಡಿಬಿಗಿಂತ ಹೆಚ್ಚು ಬೇರೆಯಾದರೆ ಹಿಡಿತವೋ ಎತ್ತರವೋ ಬದಲಾಗಿದೆ, ಮತ್ತೆ ಅಳೆಯಿರಿ. 3 ಡಿಬಿ ಎಂದರೆ ಪವರ್ ದುಪ್ಪಟ್ಟಾದಂತೆ. ಒಂದೆರಡು ಡಿಬಿಗಾಗಿ ದುಡ್ಡು ಸುರಿಯುವುದು ದಂಡ. ಅದಕ್ಕೆ ಮುಂಚೆ ಹಳೆ ಆಂಟೆನಾದ ಬುಡದ ಗ್ರೌಂಡ್‌ಗೆ (ಕನೆಕ್ಟರಿನ ಹೊರ ಲೋಹಕ್ಕೆ) 49 ಸೆಂ.ಮೀ. ತಂತಿ ಇಳಿಬಿಟ್ಟು ಹೀಗೆಯೇ ಅಳೆದು ನೋಡಿ.