ವಾಹನ ಪ್ರಶ್ನೋತ್ತರ: ಸಸ್ಪೆನ್ಷನ್ ಕಂಪನಿಯದೋ, ಹೊರಗಿನದೋ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪೋರ್ಶೆ 718 ಕೇಮನ್ ಕೊಳ್ಳಬೇಕೆಂದಿದ್ದೇನೆ. ಎರಡು ಕಾರು ನೋಡಿಟ್ಟಿದ್ದೇನೆ. ಒಂದರಲ್ಲಿ ಕಂಪನಿಯ ಪಿಎಎಸ್ಎಂ (ಬಿಗಿ ತಾನೇ ಬದಲಿಸಿಕೊಳ್ಳುವ ಸಸ್ಪೆನ್ಷನ್), ಪಿಟಿವಿ (ತಿರುವಿನಲ್ಲಿ ಹಿಂಚಕ್ರಗಳನ್ನು ಹತೋಟಿಯಲ್ಲಿಡುವ ವ್ಯವಸ್ಥೆ) ಎರಡೂ ಇವೆ, ಚಕ್ರ 20 ಇಂಚು, ಬೆಲೆ ಜಾಸ್ತಿ. ಇನ್ನೊಂದರದು ಸಾದಾ ಸಸ್ಪೆನ್ಷನ್, 18 ಇಂಚಿನ ಚಕ್ರ, ಬೆಲೆ ಕಡಿಮೆ. ಎರಡನೆಯದನ್ನು ತಗೊಂಡು, ಉಳಿದ ದುಡ್ಡಲ್ಲಿ ಕಾಯ್ಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಮತ್ತು ಲಾಕಿಂಗ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಗೇರ್ ಜೋಡಣೆ) ಹಾಕಿಸಿದರೆ ಕಂಪನಿಯದಕ್ಕಿಂತ ಚೆನ್ನಾಗಿರುತ್ತದೆ ಅಂತ ಗೆಳೆಯರು ಹೇಳುತ್ತಾರೆ. ವಾರದ ದಿನ ಕೋಸ್ಟಲ್ ರೋಡು, ಭಾನುವಾರ ಬೆಳಿಗ್ಗೆ ಲೋನಾವಳ. ಮಳೆಗಾಲದಲ್ಲೂ ಓಡಿಸುತ್ತೇನೆ. – ಓದುಗರೊಬ್ಬರು, ಮಾಟುಂಗಾ, ಮುಂಬಯಿ

ಉತ್ತರ: ಮೊದಲನೆಯದನ್ನೇ ಕೊಳ್ಳಿ. ಅದರ 20 ಇಂಚಿನ ಚಕ್ರಗಳನ್ನು ಮಾತ್ರ ಇಳಿಸಿ, 18 ಇಂಚಿನವು ಹಾಕಿಸಿ. ಕಾರು ‘ಎಸ್’ ಮಾದರಿಯಾಗಿದ್ದರೆ 19.

ಗೇರ್‌ಬಾಕ್ಸಿನ ಒಳಗೆ ಮತ್ತು ವೈರಿಂಗಿನ ಒಳಗೆ ಇರುವುದನ್ನು ಕಂಪನಿಯಿಂದಲೇ ಪಡೆಯಬೇಕು. ನಟ್ಟು ಬೋಲ್ಟು ಬಿಚ್ಚಿ ಬದಲಾಯಿಸಬಹುದಾದದ್ದು, ಸವೆದುಹೋಗುವಂಥದ್ದು ಹೊರಗಿನಿಂದ ಬಂದರೆ ಅಡ್ಡಿಯಿಲ್ಲ. ನಿಮ್ಮ ಎರಡು ಕಾರುಗಳ ಬೆಲೆಯ ಅಂತರವೆಲ್ಲ ಇರುವುದು ಈ ಮೊದಲ ಬಗೆಯ ಸಾಮಾನಿನಲ್ಲಿ.

ಪಿಟಿವಿ ಎರಡು ಕೆಲಸ ಮಾಡುತ್ತದೆ. ತಿರುವಿಗೆ ಹೊರಳುವಾಗ ಒಳಬದಿಯ ಹಿಂಚಕ್ರಕ್ಕೆ ಹಗುರಾಗಿ ಬ್ರೇಕ್ ಕೊಟ್ಟು ಮೂತಿಯನ್ನು ಒಳಕ್ಕೆಳೆಯುತ್ತದೆ. ತಿರುವಿನಿಂದ ಹೊರಬರುವಾಗ ಆ ಒಳಚಕ್ರ ಸುಮ್ಮನೆ ಗಿರಗಿರ ಸುತ್ತದಂತೆ ಮೆಕ್ಯಾನಿಕಲ್ ಡಿಫರೆನ್ಷಿಯಲ್ ಲಾಕು ತಡೆಯುತ್ತದೆ. ಹೊರಗಿನ ಡಿಫರೆನ್ಷಿಯಲ್ ಹಾಕಿಸಿದರೆ ಎರಡನೆಯದು ಮಾತ್ರ ಸಿಗುತ್ತದೆ, ಬ್ರೇಕಿನ ಲೆಕ್ಕಾಚಾರ ಬರುವುದಿಲ್ಲ. ಅದಕ್ಕೂ ಗೇರ್‌ಬಾಕ್ಸ್ ಕೆಳಗಿಳಿಸಿ, ಬಿಚ್ಚಿ, ಕ್ರೌನ್ ವೀಲು ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳ ನಡುವಿನ ಸಡಿಲವನ್ನು ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಹೊಂದಿಸಬೇಕು. ತುಸು ತಪ್ಪಿದರೂ ಮೊದಲು ಸಣ್ಣ ಕೂಗು ಕೇಳಿಸುತ್ತದೆ, ಆಮೇಲೆ ಹಲ್ಲು ಸವೆಯುತ್ತದೆ. ಉಳಿಸಿದ ದುಡ್ಡು ಅಲ್ಲೇ ಮುಗಿಯುತ್ತದೆ.

ಪಿಎಎಸ್ಎಂ ಕಾರನ್ನು 10 ಮಿಲಿಮೀಟರ್ ಮಾತ್ರ ತಗ್ಗಿಸುತ್ತದೆ. ಅದರ ಶಾಕ್ ಅಬ್ಸಾರ್ಬರ್‌ನ ಬಿಗಿ ರಸ್ತೆಗೆ ತಕ್ಕಂತೆ ಓಡುತ್ತಲೇ ಬದಲಾಗುತ್ತದೆ. ಎಕ್ಸ್‌ಪ್ರೆಸ್‌ವೇ ಕಾಂಕ್ರೀಟಿನ ಜೋಡಣೆಗಳು, ಖಂಡಾಳದ ತಿರುವು, ಸಯನ್ ಸುತ್ತಿನ ಗುಂಡಿಗಳು – ಈ ಮೂರಕ್ಕೂ ಒಂದೇ ಬಿಗಿ ಹೊಂದುವುದಿಲ್ಲ. ಸಾಮಾನ್ಯ ಕಾಯ್ಲೋವರ್‌ನ ಬಿಗಿಯನ್ನು ಗುಬ್ಬಿ ತಿರುಗಿಸಿ ಹೊಂದಿಸಬಹುದು, ಆದರೆ ಘಾಟಿಗೆಂದು ಬಿಗಿ ಮಾಡಿದ್ದು ಮನೆಗೆ ಬರುವಾಗಲೂ ಹಾಗೇ ಇರುತ್ತದೆ.

ಕಾಯ್ಲೋವರ್ ಹಾಕಿಸಿದವರು ಹೆಚ್ಚಾಗಿ ಎಡವುವುದು ಎತ್ತರದ ವಿಷಯದಲ್ಲಿ. ತಗ್ಗಿದಷ್ಟೂ ತಿರುವಿನಲ್ಲಿ ಚೆನ್ನ ಎಂಬ ನಂಬಿಕೆ ಈ ಕಾರಿನಲ್ಲಿ ಒಂದು ಮಿತಿಯವರೆಗೆ ಮಾತ್ರ ನಿಜ. ಕೇಮನ್‌ಗೆ ಮುಂದೆಯೂ ಹಿಂದೆಯೂ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕ್, ಸ್ಪ್ರಿಂಗ್ ಒಟ್ಟಾಗಿ ಚಕ್ರವನ್ನು ಮೇಲಿನಿಂದ ಹಿಡಿಯುವ ಕಂಬ. 30 ಮಿಲಿಮೀಟರ್ ಇಳಿಸಿದರೆ ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಿನ) ಚಕ್ರದ ಕಡೆಯ ತುದಿ ಮೇಲೇಳುತ್ತದೆ. ಆಗ ರೋಲ್ ಸೆಂಟರ್ (ಬಾಡಿ ವಾಲುವಾಗ ತಿರುಗುವ ಬಿಂದು), ಕಾರಿನ ತೂಕದ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ಇಳಿಯುತ್ತದೆ. ಅವೆರಡರ ನಡುವಿನ ಅಂತರ ಹಿಗ್ಗಿ, ಅದೇ ಸ್ಪ್ರಿಂಗಿನಲ್ಲಿ ಬಾಡಿ ಮೊದಲಿಗಿಂತ ಜಾಸ್ತಿ ವಾಲುತ್ತದೆ. ವಾಲಿದಾಗ ಹೊರಚಕ್ರಕ್ಕೆ ಬೇಕಾದ ಕ್ಯಾಂಬರ್ (ಚಕ್ರದ ಮೇಲ್ತುದಿಯ ಒಳವಾಲು) ಸಿಗುವುದೂ ಕಡಿಮೆಯಾಗುತ್ತದೆ. ವಾಲುವುದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕುತ್ತಾರೆ. ಶಾಕ್‌ನ ಓಟ ಮೊದಲೇ ಕುಗ್ಗಿರುತ್ತದೆ, ತಿರುವಿನ ನಡುವೆ ಉಬ್ಬು ಸಿಕ್ಕರೆ ಅದು ಬಂಪ್ ಸ್ಟಾಪಿಗೆ (ಓಟದ ಕೊನೆಯಲ್ಲಿರುವ ರಬ್ಬರ್ ತಡೆಗೆ) ಬಡಿಯುತ್ತದೆ. ಬಡಿದ ಕ್ಷಣದಲ್ಲಿ ಆ ಮೂಲೆಯ ಬಿಗಿ ಒಮ್ಮೆಲೇ ಏರಿ ಟೈರು ಹಿಡಿತ ಬಿಡುತ್ತದೆ. ಒದ್ದೆ ಘಾಟಿಯಲ್ಲಿ ಇದು ಅಪಾಯ.

ಇನ್ನು ಚಕ್ರ. 235/45 ಅಳತೆಯ 18 ಇಂಚಿನ ಮುಂಟೈರಿನ ಪಕ್ಕದ ಗೋಡೆ ಸುಮಾರು 106 ಮಿಲಿಮೀಟರ್, 235/35ರ 20 ಇಂಚಿನದು 82. ಮಳೆಗಾಲದ ಗುಂಡಿಯಲ್ಲಿ ರಿಮ್ಮು ಬಾಗದಂತೆ ಕಾಯುವುದು ಆ 24 ಮಿಲಿಮೀಟರ್ ರಬ್ಬರು. ಪಕ್ಕದ ಗೋಡೆಯ ಮೇಲೆ ‘ಎನ್’ ಗುರುತಿರುವ, ಪೋರ್ಶೆ ಒಪ್ಪಿದ ಟೈರನ್ನೇ ನಾಲ್ಕಕ್ಕೂ ಒಂದೇ ಮಾದರಿಯಲ್ಲಿ ಹಾಕಿ. ಟೈರಿನ ಗೀರಿನ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್ ಆದರೂ, ನೀರು ನಿಲ್ಲುವ ಮುಂಬಯಿ ರಸ್ತೆಗೆ 3ಕ್ಕೆ ಇಳಿದ ಕೂಡಲೇ ಬದಲಾಯಿಸಿ. ಟ್ರ್ಯಾಕಿನ ಸೆಮಿ-ಸ್ಲಿಕ್ (ಗೀರು ತೀರಾ ಕಡಿಮೆ ಇರುವ) ಟೈರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ.

ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ ಧಾರಾಳವಾಗಿ ಹೊರಗಿನದು ಹಾಕಬಹುದು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರಿನಂಶ ಹೀರಿದ ಮೇಲೆ ಆ ಮಿತಿ 155. ಕಡಲ ತೇವದಲ್ಲಿ ನಿಂತ ಕಾರಿಗೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿ, ಇಲ್ಲದಿದ್ದರೆ ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗುತ್ತದೆ.

ಮುಂಗಡ ಕೊಡುವ ಮೊದಲು ಚಾಸಿಸ್ ನಂಬರ್ ಕೊಟ್ಟು, ಕಾರಿಗೆ ಕಾರ್ಖಾನೆಯಲ್ಲೇ ಏನೇನು ಹಾಕಿದ್ದರು ಎಂಬ ಪಟ್ಟಿಯನ್ನು ಡೀಲರ್ ಬಳಿ ತಾಳೆ ನೋಡಿ. ಲಿಫ್ಟಿಗೆ ಏರಿಸಿ ನಾಲ್ಕೂ ಶಾಕ್‌ಗಳಲ್ಲಿ ಎಣ್ಣೆ ಜಿನುಗಿದೆಯೇ ನೋಡಿ, ಸ್ಕ್ಯಾನರ್ ಹಾಕಿ ಪಿಎಎಸ್ಎಂ ದೋಷದ ದಾಖಲೆ ಓದಿಸಿ. ಒಂದೇ ಹಂಪನ್ನು ನಾರ್ಮಲ್‌ನಲ್ಲೊಮ್ಮೆ, ಸ್ಪೋರ್ಟ್‌ನಲ್ಲೊಮ್ಮೆ ದಾಟಿದರೆ ವ್ಯತ್ಯಾಸ ಗೊತ್ತಾಗಲೇಬೇಕು. ಟೈರಿನ ಮೇಲಿನ ನಾಲ್ಕಂಕಿಯನ್ನೂ ಓದಿ: 2321 ಅಂದರೆ 2021ರ 23ನೇ ವಾರ ತಯಾರಾದದ್ದು.

ಪ್ರಶ್ನೆ: ನನ್ನ ಪೋಲೋ ಜಿಟಿ ಟಿಎಸ್ಐ 70,000 ಕಿಲೋಮೀಟರ್ ಓಡಿದೆ. 40 ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್ ಮಾತ್ರ ಹಾಕಿಸಿ, ಶಾಕ್ ಹಳೆಯದೇ ಇರಲಿ ಎನ್ನುತ್ತಾನೆ ಮೆಕ್ಯಾನಿಕ್. ಸರಿಯೇ? – ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಸರಿಯಲ್ಲ. ತಗ್ಗಿಸುವ ಸ್ಪ್ರಿಂಗ್ ಗಟ್ಟಿ ಇರುತ್ತದೆ, ಗಟ್ಟಿ ಸ್ಪ್ರಿಂಗ್ ಹಿಂದಕ್ಕೆ ಚಿಮ್ಮುವುದೂ ಜೋರಾಗಿಯೇ. ಅದನ್ನು ಹಿಡಿದಿಡುವ ಶಕ್ತಿ ಹೊಸ ಶಾಕ್‌ಗೇ ಕಷ್ಟ, ಅಷ್ಟು ಓಡಿದ ಶಾಕ್‌ಗೆ ಎಲ್ಲಿಂದ ಬರಬೇಕು? ಕಾರು ತೇಲಾಡುತ್ತದೆ, ಕೆಲವು ತಿಂಗಳಲ್ಲಿ ಸೀಲ್ ಒಡೆಯುತ್ತದೆ. ಅಲ್ಲದೆ ರಸ್ತೆಗಳ ಅಳತೆ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಿಮ್ಮ ಗಲ್ಲಿಯ ಹಂಪುಗಳು ಆ ಅಳತೆಯಲ್ಲಿ ಇರುವುದು ಅಪರೂಪ, ತಗ್ಗಿದ ಕಾರಿನ ಹೊಟ್ಟೆ ಅವಕ್ಕೆ ತಗಲೀತು.

ದುಡ್ಡು ಹಾಕುವುದಿದ್ದರೆ ಮೊದಲು ನಾಲ್ಕು ಹೊಸ ಶಾಕ್ ಹಾಕಿಸಿ. ಸ್ಪ್ರಿಂಗ್ ಬೇಕೇ ಬೇಕೆಂದರೆ ಆ ಶಾಕ್‌ಗೆ ಹೊಂದುವಂಥದ್ದು, 20–25 ಮಿಲಿಮೀಟರ್ ಒಳಗೆ. ಅದೇ ಬಿಚ್ಚುವಿಕೆಯಲ್ಲಿ ಮುಂದಿನ ಟಾಪ್ ಮೌಂಟ್ (ಶಾಕ್ ಮೇಲ್ತುದಿ ಬಾಡಿಗೆ ಕೂರುವ ಭಾಗ), ಅದರ ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್ ಎರಡೂ ಬದಿಗೆ ಹೊಸದಾಗಲಿ. ಒಮ್ಮೆ ಬಿಗಿದರೆ ಹಿಗ್ಗುವ ಜಾತಿಯ ಬೋಲ್ಟುಗಳನ್ನು ಮತ್ತೆ ಬಳಸಬಾರದು.

ಗ್ಯಾರೇಜಿನಲ್ಲಿ ಎದುರು ನಿಂತು ನೋಡಬೇಕಾದದ್ದು ಒಂದಿದೆ. ಲೋವರ್ ಆರ್ಮಿನ ಬುಶ್ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯುವುದು ಚಕ್ರದ ಮೇಲೆ ಕಾರಿನ ಭಾರ ಕೂತ ಮೇಲೆಯೇ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಬಿಗಿದರೆ ಬುಶ್‌ನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಕೂಡಲೇ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ ಸುಮಾರು 500 ಕಿಲೋಮೀಟರಿಗೆ ಇನ್ನೊಮ್ಮೆ. ಹಿಂದೆ ಟ್ವಿಸ್ಟ್ ಬೀಮ್ (ಎರಡೂ ಚಕ್ರ ಜೋಡಿಸುವ ಒಂದೇ ತೊಲೆ) ಇರುವುದರಿಂದ ಅಲ್ಲಿ ತಿರುಗಿಸಿ ಸರಿಮಾಡುವಂಥದ್ದಿಲ್ಲ. ಹಿಂದಿನ ಅಳತೆ ಹೆಚ್ಚು ತಪ್ಪಿದ್ದರೆ ಬೀಮ್ ಬಾಗಿದೆಯೇ ನೋಡಿಸಿ. ಹೆಡ್‌ಲೈಟ್ ಬೀಳುವ ಎತ್ತರವನ್ನೂ ಹೊಂದಿಸಿಕೊಳ್ಳಿ.

ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ನೋಂದಣಿ ವಿವರ ಬೇರೆಯಾಗುವಂತೆ ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮು ಅಕ್ರಮ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಹೇಳುತ್ತದೆ. ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿ, ಉತ್ತರವನ್ನು ಕಾಗದದಲ್ಲೇ ಪಡೆಯಿರಿ.

ಪ್ರಶ್ನೆ: ಆಕ್ಟೇವಿಯಾ ವಿಆರ್‌ಎಸ್‌ಗೆ ಹಿಂದೆ 22 ಮಿಲಿಮೀಟರ್ ಆಂಟಿ-ರೋಲ್ ಬಾರ್ (ಬಾಡಿ ವಾಲುವುದನ್ನು ತಡೆಯುವ ಸರಳು) ತೆಗೆದು 24ರದು ಹಾಕಿಸಿದೆ. ಬಿಸಿಲಲ್ಲಿ ಚೆನ್ನಾಗಿತ್ತು. ಮಳೆ ಶುರುವಾದ ಮೇಲೆ ಚೋರ್ಲಾ ಘಾಟಿಯಲ್ಲಿ ಹಿಂಭಾಗ ಜಾರುತ್ತದೆ, ಕಿರಗುಟ್ಟುವ ಸದ್ದೂ ಇದೆ. – ಓದುಗರೊಬ್ಬರು, ಫೋಂಡಾ, ಗೋವಾ

ಉತ್ತರ: ಎರಡೇ ಮಿಲಿಮೀಟರ್ ಎನಿಸುತ್ತದೆ, ಆದರೆ ಬಾರಿನ ಬಿಗಿ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ಎರಡೂ ಘನ ಸರಳಾಗಿದ್ದರೆ ಸುಮಾರು ಶೇಕಡ 42 ಜಾಸ್ತಿ. ಹಿಂದಿನ ಬಾರು ಗಟ್ಟಿಯಾದಷ್ಟೂ ತಿರುವಿನಲ್ಲಿ ಹಿಂಭಾಗದ ಹಿಡಿತ ಕುಗ್ಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟಾಗ ಭಾರ ಮುಂದಕ್ಕೆ ಹೋಗಿ, ಹಗುರಾದ ಹಿಂಚಕ್ರಗಳು ಒದ್ದೆ ಕೆಮ್ಮಣ್ಣಿನ ಮೇಲೆ ಹಿಡಿತ ಕಳೆದುಕೊಳ್ಳುತ್ತವೆ. ಬಾರಿನ ತುದಿಯಲ್ಲಿ ಎರಡು ಮೂರು ತೂತುಗಳಿದ್ದರೆ ಲಿಂಕನ್ನು (ಬಾರನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಕಡ್ಡಿಯನ್ನು) ತೀರಾ ತುದಿಯ ತೂತಿಗೆ, ಅಂದರೆ ಮೆತ್ತನೆಯದಕ್ಕೆ, ಎರಡೂ ಬದಿ ಒಂದೇ ಸಮ ಹಾಕಿಸಿ. ತೂತು ಒಂದೇ ಇದ್ದರೆ ಮಳೆಗಾಲ ಮುಗಿಯುವವರೆಗೆ ಹಳೆಯ ಬಾರ್ ವಾಪಸ್ ಹಾಕಿಸುವುದೇ ಒಳ್ಳೆಯದು. ಹಿಂದಿನ ಟೈರು ಮುಂದಿನದಕ್ಕಿಂತ ಸವೆದಿದ್ದರೆ ಅದನ್ನೂ ಬದಲಾಯಿಸಿ.

ಸದ್ದು ಬರುವುದು ಪಾಲಿಯುರೇಥೇನ್ ಬುಶ್ ಒಣಗಿದ್ದರಿಂದ ಇರಬಹುದು. ಕ್ಲ್ಯಾಂಪ್ ಬಿಚ್ಚಿ, ಮಣ್ಣು ಉಪ್ಪು ಒರೆಸಿ, ಬುಶ್‌ನ ಒಳಮೈಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಗ್ಯಾರೇಜಿನ ಸಾಮಾನ್ಯ ಗ್ರೀಸ್ ಬೇಡ, ಅದು ಹತ್ತಿರದ ರಬ್ಬರ್ ಭಾಗಗಳನ್ನು ಕೆಡಿಸುತ್ತದೆ. ಆದರೂ ಸದ್ದು ಹೋಗದಿದ್ದರೆ ಲಿಂಕ್ ರಾಡಿನ ಬಾಲ್ ಜಾಯಿಂಟನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿ. ಸಡಿಲವಿದ್ದರೆ ಎರಡೂ ಬದಿಯದನ್ನು ಒಟ್ಟಿಗೆ ಬದಲಾಯಿಸಿ.