ಹೆಂಚಿನ ಮೇಲಿನ ಇಸವಿ ಮನೆಯದಲ್ಲ

ನಮಸ್ಕಾರ.

ಬಸವನಗುಡಿಯಲ್ಲಿರುವ ನಿಮ್ಮ ಮುತ್ತಾತನ ಮನೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಅಚ್ಚು ಹಾಕಲಾರೆ. ಆದರೆ ‘ಪ್ರಕಟಣೆಗೆ ಸ್ವೀಕರಿಸಲಾಗಿಲ್ಲ’ ಎಂಬ ಒಂದು ಸಾಲು ಬರೆದು ಸುಮ್ಮನಾಗಲೂ ಮನಸ್ಸು ಒಪ್ಪಲಿಲ್ಲ. ದೀಪಾವಳಿ ಕಳೆದ ಮೇಲೆ ಮನೆ ಕೆಡವುತ್ತಾರೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಹಾಗಾಗಿ ಹೇಳಬೇಕಾದದ್ದನ್ನು ಈಗಲೇ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಮೊದಲು ಇಸವಿಯ ವಿಷಯ. ‘ನಮ್ಮ ಮನೆ ಕಟ್ಟಿದ್ದು 1865ರಲ್ಲಿ, ಅದಕ್ಕೆ ಚಾವಣಿಯ ಹೆಂಚೇ ಸಾಕ್ಷಿ’ ಎಂದು ಶುರು ಮಾಡಿದ್ದೀರಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹೆಸರಿನ ಜೊತೆಗೆ ಹೆಂಚಿನ ಮೇಲೆ ಆ ಇಸವಿ ಇರುವುದು ನಿಜ. ಅದು ಕಾರ್ಖಾನೆ ಹುಟ್ಟಿದ ಇಸವಿ. ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಮೇಲೆ, ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದನ್ನೇ ಮುದ್ರೆಯಾಗಿ ಎಷ್ಟೋ ವರ್ಷಗಳ ಕಾಲ ಹೆಂಚಿನ ಮೇಲೆ ಒತ್ತಿದರು. ಮನೆ ಕಟ್ಟಿ ಎಷ್ಟು ವರ್ಷವಾಯಿತು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಮೇಲಾಗಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ಒಡೆದದ್ದನ್ನು ತೆಗೆದು ಬೇರೆ ಹಾಕುತ್ತಾರೆ. ಇಡೀ ಮನೆಯಲ್ಲಿ ಹೆಂಚಿನಷ್ಟು ಸಲ ಬದಲಾಗುವ ಭಾಗ ಇನ್ನೊಂದಿಲ್ಲ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಎಂದರೆ, 1865ರಲ್ಲಿ ಬಸವನಗುಡಿ ಎಂಬ ಬಡಾವಣೆಯೇ ಇರಲಿಲ್ಲ. ದೊಡ್ಡ ಬಸವಣ್ಣನ ಗುಡಿ ಇತ್ತು, ಸುಂಕೇನಹಳ್ಳಿ ಇತ್ತು, ಸುತ್ತ ಹೊಲ ಇತ್ತು. ಬಡಾವಣೆಗೆ ಗುರುತು ಹಾಕಿದ್ದು 1890ರ ದಶಕದಲ್ಲಿ.

ನನಗೆ ಬೇಸರವಾದದ್ದು ತಪ್ಪು ಇಸವಿ ಕಂಡು ಅಲ್ಲ. ಸರಿಯಾದ ಇಸವಿ ನಿಮ್ಮ ಕೈಯಲ್ಲೇ ಇತ್ತು, ಅದನ್ನು ನೀವು ಅಲಂಕಾರಕ್ಕೆ ಬಳಸಿ ಬಿಟ್ಟುಬಿಟ್ಟಿದ್ದೀರಿ. ಎರಡನೆಯ ಪುಟದಲ್ಲಿ ತಲೆಬಾಗಿಲ ವರ್ಣನೆ ಬರುತ್ತದೆ. ‘ಗಜಲಕ್ಷ್ಮಿಯ ಕೆಳಗೆ ಪ್ಲವ ಸಂ. ವೈಶಾಖ ಶು. 10 ಎಂದು ಕೆತ್ತಿದ ಅಕ್ಷರಗಳು ಕಾಲದ ಧೂಳಿನಲ್ಲಿ ಮಸುಕಾಗಿವೆ’ ಎಂದು ಬರೆದು ಮುಂದಕ್ಕೆ ಹೋಗಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ಲವ ಈಚೆಗೆ ಬಂದದ್ದು 2021ರಲ್ಲಿ. ಅದರ ಹಿಂದೆ 1961, 1901, 1841. ಬಡಾವಣೆಯೇ ಇಲ್ಲದ 1841 ಬಿಟ್ಟುಹೋಯಿತು. ಆ ಮನೆಯಲ್ಲೇ ಹುಟ್ಟಿದ ನಿಮ್ಮ ತಾತ 1961ರ ಹೊತ್ತಿಗೆ ನಡುವಯಸ್ಸಿನವರು ಎಂದು ನೀವೇ ಹೇಳಿದ್ದೀರಿ, ಅದೂ ಹೋಯಿತು. ಉಳಿದದ್ದು 1901. ಆ ವರ್ಷದ ವೈಶಾಖ ಶುದ್ಧ ದಶಮಿ ಏಪ್ರಿಲ್ ಕೊನೆಗೆ ಬೀಳುತ್ತದೆ. ಮರದ ಬಾಗಿಲುವಾಡವನ್ನು ಹಳೆಯ ಮನೆಯಿಂದ ಬಿಚ್ಚಿ ತಂದು ಹೊಸ ಮನೆಗೆ ಕೂರಿಸುವ ರೂಢಿಯೂ ಉಂಟು. ಆದ್ದರಿಂದ ಇಷ್ಟಕ್ಕೇ ತೀರ್ಮಾನ ಮಾಡಬೇಡಿ. ಆದರೆ ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ಶುರು ಸಿಗುವುದಿಲ್ಲ.

1901 ಎಂದು ಇಟ್ಟುಕೊಂಡರೆ ನಿಮ್ಮ ಲೇಖನದ ಇನ್ನೊಂದು ಸಾಲಿಗೂ ಜೀವ ಬರುತ್ತದೆ. ಮುತ್ತಾತನಿಗೆ ತರಗುಪೇಟೆಯಲ್ಲಿ ದವಸದ ಮಂಡಿ ಇತ್ತು, ಮೊದಲು ಅದರ ಹಿಂದಿನ ಮನೆಯಲ್ಲೇ ಸಂಸಾರ ಇತ್ತು ಎಂದಿದ್ದೀರಿ. ವ್ಯಾಪಾರ ಮಾಡುವವರು ಮಂಡಿಯ ಹಿಂದಿನ ಮನೆ ಬಿಟ್ಟು ಅಷ್ಟು ದೂರ ಯಾಕೆ ಬಂದರು? ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟ್‌ನಲ್ಲಿ. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಸಾವು ಹೆಚ್ಚಾಗಿ, ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡರು. ಬಸವನಗುಡಿ, ಮಲ್ಲೇಶ್ವರಗಳು ತುಂಬತೊಡಗಿದ್ದು ಅದಾದ ಮೇಲೆ. ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿಗೆ ಜಾಗ, ಹಿಂದೆ ಮಲ, ಕಸ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಇವೆಲ್ಲ ಆ ಭಯದ ಕಾಲದಲ್ಲಿ ಜನರಿಗೆ ಬೇಕಾಗಿದ್ದವು. ನಿಮ್ಮ ಮನೆಯವರು ಪ್ಲೇಗಿಗೆ ಹೆದರಿ ಬಂದರು ಎಂದು ನಾನು ಹೇಳುತ್ತಿಲ್ಲ, ನನ್ನ ಮಾತು ನಂಬಿ ನೀವೂ ಹಾಗೆ ಬರೆಯಬೇಡಿ. ಆ ವರ್ಷಗಳಲ್ಲಿ ಮನೆಯಲ್ಲಿ ಯಾರು ತೀರಿಕೊಂಡರು ಎಂದು ಅಜ್ಜಿಯನ್ನು ಕೇಳಿ. ಶ್ರಾದ್ಧದ ತಿಥಿಗಳ ಪಟ್ಟಿ ಬಹಳ ಮನೆಗಳಲ್ಲಿ ಪಂಚಾಂಗದ ಹಾಳೆಯಲ್ಲಿ ಬರೆದಿಟ್ಟಿರುತ್ತಾರೆ. ಒಂದೇ ತಿಂಗಳಲ್ಲಿ ಮೂರು ತಿಥಿ ಬಂದರೆ ಅದಕ್ಕೆ ಕಾರಣ ಹುಡುಕಬೇಕು.

ಇನ್ನು ವಿಶ್ವೇಶ್ವರಯ್ಯನವರ ವಿಷಯ. ‘ಗೃಹಪ್ರವೇಶಕ್ಕೆ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರೇ ಬಂದು ಜಗಲಿಯಲ್ಲಿ ಕೂತಿದ್ದರು, ಮನೆ ತುಂಬ ಕರೆಂಟ್ ದೀಪ ಉರಿಯುತ್ತಿತ್ತು’ ಎಂದು ಬರೆದಿದ್ದೀರಿ. 1901ರಲ್ಲಿ ಅವರು ಮುಂಬಯಿ ಪ್ರಾಂತ್ಯದ ಸರ್ಕಾರದಲ್ಲಿ ಇಂಜಿನಿಯರ್. ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಹೋಯಿತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಹೀಗೆ ಒಂದೇ ವಾಕ್ಯದಲ್ಲಿ ಎರಡು ತಪ್ಪು. ಹಾಗೆಂದು ಇದನ್ನು ಹೊಡೆದುಹಾಕಿ ಎಂದು ನಾನು ಹೇಳುವುದಿಲ್ಲ. ಮನೆಯ ಹಿರಿಯರು ಸುಮ್ಮಸುಮ್ಮನೆ ಕಥೆ ಕಟ್ಟುವುದು ಕಡಿಮೆ. ಬಂದವರ ನೆನಪು ಗಟ್ಟಿಯಾಗಿ ಉಳಿದು, ಬಂದ ಸಂದರ್ಭ ಮಾತ್ರ ಅದಲುಬದಲಾಗಿರುವುದು ಹೆಚ್ಚು. ವಿಶ್ವೇಶ್ವರಯ್ಯನವರು 1962ರವರೆಗೆ ಬದುಕಿದ್ದರು. ಮುಂದೆ ಯಾವುದೋ ಮದುವೆಗೋ ಮುಂಜಿಗೋ ಬಂದಿರಬಹುದು. ಬಂದದ್ದು ಬೇರೆ ಯಾರೋ ದೊಡ್ಡ ಅಧಿಕಾರಿಯೂ ಇರಬಹುದು. ಕರೆಂಟ್ ದೀಪ ಉರಿದದ್ದು ಎಂದೂ, ಅದನ್ನು ನೋಡಿದವರು ಯಾರು ಎಂದೂ ಕೇಳಿ. ‘ನಮ್ಮ ಮನೆಯಲ್ಲಿ ಹೀಗೆ ಹೇಳುತ್ತಾರೆ, ದಾಖಲೆ ಹೀಗೆ ಹೇಳುತ್ತದೆ’ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಇಡಿ. ಓದುಗರು ನಿಮ್ಮನ್ನು ಇನ್ನೂ ಹೆಚ್ಚು ನಂಬುತ್ತಾರೆ.

‘ದಾಖಲೆಗಳೆಲ್ಲ ಕಾಲನ ಹೊಟ್ಟೆ ಸೇರಿವೆ’ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ನೀವು ಹುಡುಕಿಲ್ಲ. ಬಿಲ್ಡರ್ ಜೊತೆ ಒಪ್ಪಂದ ಆಗಿದೆ ಎಂದ ಮೇಲೆ ನಿಮ್ಮ ಚಿಕ್ಕಪ್ಪನ ಹತ್ತಿರ ಪತ್ರಗಳ ಒಂದು ಕಟ್ಟು ಇದ್ದೇ ಇರುತ್ತದೆ, ಮೂಲಪತ್ರ ನೋಡದೆ ಯಾವ ಬಿಲ್ಡರೂ ಕೈಹಾಕುವುದಿಲ್ಲ. ವಕೀಲರು ಒಡೆತನದ ಸರಪಳಿ ಸರಿಯಿದೆಯೇ ಎಂದು ನೋಡಿ ಪಕ್ಕಕ್ಕಿಟ್ಟ ಆ ಕಟ್ಟನ್ನು ನೀವು ಬೇರೆ ಕಣ್ಣಿನಿಂದ ಓದಬೇಕು. ಕ್ರಯಪತ್ರದ ಚಕ್ಕುಬಂದಿ ನೋಡಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರ ಖಾಲಿ ನಿವೇಶನ, ಉತ್ತರಕ್ಕೆ ಗಲ್ಲಿ, ದಕ್ಷಿಣಕ್ಕೆ ರಸ್ತೆ. ಮನೆಯ ನಂಬರು ಎಷ್ಟು ಸಲ ಬದಲಾಗಿದ್ದರೂ ಚಕ್ಕುಬಂದಿ ಹಿಡಿದು ಹಿಂದಕ್ಕೆ ಹೋಗಬಹುದು. ಆ ಪತ್ರದಲ್ಲಿ ಖಾಲಿ ನಿವೇಶನ, ಮುಂದಿನದರಲ್ಲಿ ಮನೆ ಎಂದಿದ್ದರೆ ಪಕ್ಕದ ಮನೆ ಎದ್ದದ್ದು ಯಾವಾಗ ಎಂಬುದೂ ಸಿಕ್ಕಿತು. ಬಿಕ್ಕಲಂ ಯಾರದು, ಅಂದರೆ ಪತ್ರ ಬರೆದವರು ಯಾರು, ಸಾಕ್ಷಿ ಹಾಕಿದವರು ಯಾರು, ಯಾರ ಜಾಗದಲ್ಲಿ ಸಹಿ ಇಲ್ಲದೆ ಹೆಬ್ಬೆಟ್ಟಿನ ಗುರುತು ಇದೆ, ಇವನ್ನೂ ಬರೆದುಕೊಳ್ಳಿ.

ಅದಕ್ಕೂ ಹಿಂದಿನದು ಬೇಕೆಂದರೆ ಸಬ್ ರಿಜಿಸ್ಟ್ರಾರ್ ಕಚೇರಿ. 2004ರ ಏಪ್ರಿಲ್‌ನಿಂದ ಈಚೆಗಿನ ಇ.ಸಿ., ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳ ಪಟ್ಟಿ ಕೊಡುವ ಋಣಭಾರ ಪ್ರಮಾಣಪತ್ರ, ಆನ್‌ಲೈನಿನಲ್ಲೇ ಸಿಗುತ್ತದೆ. ಹಿಂದಿನದಕ್ಕೆ ಅರ್ಜಿ ಕೊಟ್ಟು ಕೈಬರಹದ ಇಂಡೆಕ್ಸ್ ತೆಗೆಸಬೇಕು. ಹೆಸರಿನ ಇಂಡೆಕ್ಸ್ ಬೇರೆ, ಆಸ್ತಿಯ ಇಂಡೆಕ್ಸ್ ಬೇರೆ. ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ಕಾನೂನೇ ಹಾಗಿದೆ. ಒಂದೇ ದಿನದಲ್ಲಿ ಕೆಲಸ ಆಗುತ್ತದೆಂದು ಹೋಗಬೇಡಿ. ಬಡಾವಣೆ ಯಾವ ಕಚೇರಿಗೆ ಸೇರಿತ್ತು ಎಂಬುದೂ ಕಾಲಕಾಲಕ್ಕೆ ಬದಲಾಗಿದೆ. ಕಾರ್ಪೊರೇಷನ್ನಿನ ಹಳೆಯ ಅಸೆಸ್‌ಮೆಂಟ್ ರಿಜಿಸ್ಟರ್, ಕಂದಾಯದ ರಸೀದಿಗಳು, ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸರ್ಕಾರದ ಕಡತಗಳು, ಇತಿಹಾಸ ಅಧ್ಯಯನದ ಸಂಸ್ಥೆಯಾದ ಮಿಥಿಕ್ ಸೊಸೈಟಿಯ ಗ್ರಂಥಾಲಯ, ಇವೂ ನೆನಪಿರಲಿ. ಖಾತೆಯಲ್ಲಿ ಇರುವುದು ಕಂದಾಯ ಕಟ್ಟುವವರ ಹೆಸರು, ಅದನ್ನೇ ಒಡೆತನ ಎಂದುಕೊಂಡು ಬರೆಯಬೇಡಿ.

ಇ.ಸಿ.ಯನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಚಾಮರಾಜಪೇಟೆಯ ನಮ್ಮ ಮನೆಯನ್ನು ತಾತ ಸ್ವಂತ ದುಡಿಮೆಯಲ್ಲಿ ಕೊಂಡರು ಎಂದೇ ಕೇಳಿ ಬೆಳೆದವನು ನಾನು. ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, ಬೇರೆ ಕೆಲಸಕ್ಕೆಂದು ನಕಲು ತೆಗೆಸಿದಾಗ, ಮನೆ ಕೊಂಡ ಪತ್ರದಲ್ಲಿ ಅಜ್ಜಿಯ ಹೆಸರಿತ್ತು. ತವರಿನವರು ಕೊಟ್ಟ ಹಣ ಎಂದೂ ಅದರಲ್ಲೇ ಬರೆದಿತ್ತು. ಎರಡು ವರ್ಷ ಬಿಟ್ಟು ಅದೇ ಮನೆ ಭೋಗ್ಯಕ್ಕೆ ಹೋಗಿತ್ತು, ಆಮೇಲೆ ಬಿಡಿಸಿಕೊಂಡಿದ್ದರು. ಕೆಳಗೆ ಅಜ್ಜಿಯ ಎಡಗೈ ಹೆಬ್ಬೆಟ್ಟಿನ ಗುರುತು. ಅಜ್ಜಿ ಇರುವಷ್ಟು ದಿನ ಇದನ್ನು ಒಂದು ಸಲವೂ ಹೇಳಲಿಲ್ಲ, ನಾವು ಯಾರೂ ಕೇಳಲೂ ಇಲ್ಲ. ನಿಮ್ಮ ಲೇಖನದ ಒಂಬತ್ತು ಪುಟಗಳಲ್ಲಿ ಗಂಡಸರು ಕಟ್ಟಿಸಿದರು, ಕೊಂಡರು, ಮಾರಿದರು. ಹೆಂಗಸರು ಉಪ್ಪಿನಕಾಯಿ ಹಾಕಿದರು. ನಿಮ್ಮ ಅಜ್ಜಿ ಇನ್ನೂ ಇದ್ದಾರೆ. ದಯವಿಟ್ಟು ಕೇಳಿ.

ಈಗ ನಿಮ್ಮ ಬರಹದಲ್ಲಿ ನನಗೆ ನಿಜಕ್ಕೂ ಮುಖ್ಯ ಅನಿಸಿದ ಜಾಗ. ನಾಲ್ಕನೆಯ ಪುಟದಲ್ಲಿ ಅರ್ಧ ವಾಕ್ಯ ಇದೆ: ‘ನಡುಮನೆಯನ್ನು ಎರಡು ಮಾಡಿದ ಗೋಡೆಯಲ್ಲಿ ಮುಚ್ಚಿಹೋದ ಬಾಗಿಲೊಂದರ ಗುರುತು ಕಾಣುತ್ತದೆ’. ಆಮೇಲೆ ಮತ್ತೆ ಬೆಳದಿಂಗಳು, ಜಾಜಿ ಬಳ್ಳಿ. ಆ ಗೋಡೆ ಯಾರು ಹಾಕಿಸಿದ್ದು? ಮೊದಲು ಬಾಗಿಲು ಬಿಟ್ಟು ಗೋಡೆ ಕಟ್ಟಿದ್ದಾರೆ, ಅಂದರೆ ಹೋಗಿಬರುವ ಮನಸ್ಸು ಆಗಿನ್ನೂ ಇತ್ತು. ಅದನ್ನು ಮುಚ್ಚಿದ್ದು ಯಾವಾಗ, ಯಾವ ಮಾತಿನ ಮೇಲೆ? ಕೆಂಪು ನೆಲದ ಕಪ್ಪು ಅಂಚು ಗೋಡೆಯ ಅಡಿಯಿಂದ ಹಾದು ಆಚೆ ಬದಿಗೆ ಹೋಗಿದೆಯೇ ಎಂದು ಬಗ್ಗಿ ನೋಡಿ. ಹೋಗಿದ್ದರೆ ಗೋಡೆ ನೆಲಕ್ಕಿಂತ ಆಮೇಲಿನದು. ಅದರ ದಪ್ಪ ಅಳೆಯಿರಿ. ಹೊರಗೋಡೆಗಳು ಗಾರೆಯ ದಪ್ಪ ಗೋಡೆಗಳಾಗಿದ್ದು ಇದೊಂದು ಸಿಮೆಂಟಿನ ಒಂಬತ್ತು ಇಂಚಿನ ಗೋಡೆಯಾದರೆ ಆಗಲೂ ಅದೇ ಅರ್ಥ. ಆಮೇಲೆ ಪಾಲುಪಟ್ಟಿ ಹುಡುಕಿ. ವಿಭಾಗ ಪತ್ರಗಳಲ್ಲಿ ಬಾವಿ ಯಾರಿಗೆ, ದೇವರ ಮನೆ ಯಾರ ಪಾಲಿಗೆ, ಓಣಿಯಲ್ಲಿ ಯಾರು ಓಡಾಡಬಹುದು ಎಂದೆಲ್ಲ ಬರೆದಿರುತ್ತಾರೆ. ಅಣ್ಣತಮ್ಮಂದಿರು ಹಿತ್ತಲ ಬಾವಿಯ ನೀರನ್ನು ಹೇಗೆ ಹಂಚಿಕೊಂಡರು ಎಂಬ ಒಂದು ಪುಟ ಬರೆದರೆ, ಜಾಜಿ ಬಳ್ಳಿಯ ಮೂರು ಪುಟ ಬಿಟ್ಟರೂ ನಷ್ಟವಿಲ್ಲ. ಪಾಲು ಬಾಯಿಮಾತಿನಲ್ಲೇ ಆಗಿದ್ದರೆ ಪತ್ರ ಸಿಗುವುದಿಲ್ಲ, ಆಗ ಎರಡೂ ಕಡೆಯವರನ್ನು ಕೇಳಬೇಕು. ಒಂದು ಕಡೆಯವರೊಂದಿಗೆ ನಿಮಗೆ ಮಾತಿಲ್ಲ ಎಂದು ಬರಹದಿಂದ ಊಹಿಸಿದೆ. ಆದರೂ ಹೋಗಿ.

ಹಿತ್ತಲಿನ ವಠಾರದ ಬಗ್ಗೆ ‘ಬಾಡಿಗೆಯವರ ಕಾಟ’ ಎಂಬ ಎರಡೇ ಪದ ಬರೆದಿದ್ದೀರಿ. ಐದು ಸಂಸಾರ ನಲವತ್ತು ವರ್ಷ ಅಲ್ಲಿ ಬಾಳಿದ್ದರೆ ಅದು ಅವರ ಮನೆಯೂ ಹೌದು. 1961ರ ಬಾಡಿಗೆ ನಿಯಂತ್ರಣ ಕಾನೂನಿನ ಮೇಲೆ ಮಾಲೀಕರ ಸಿಟ್ಟು ನನಗೂ ಗೊತ್ತು. ಅದನ್ನು ಬರೆಯಿರಿ, ಜೊತೆಗೆ ಆ ಕಾನೂನಿನ ನೆರಳಲ್ಲಿ ಮಕ್ಕಳನ್ನು ಓದಿಸಿದವರ ಒಂದು ಮಾತನ್ನೂ ಬರೆಯಿರಿ.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ನಿಟ್ಟುಸಿರು’ ಏಳು ಸಲ ಬಂದಿದೆ, ಗೋಡೆಗಳು ಮೂರು ಸಲ ಪಿಸುಗುಟ್ಟಿವೆ. ಇವನ್ನು ತೆಗೆಯಿರಿ. ಅಟ್ಟದ ಮೇಲಿನ ಭರಣಿಗಳ ಕೊರಳಿಗೆ ಕಟ್ಟಿದ ಬಟ್ಟೆ, ಬಚ್ಚಲುಮನೆಯ ತಾಮ್ರದ ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕುವ ಶನಿವಾರ, ಬಾಗಿಲುವಾಡದ ಮೇಲೆ ಮಕ್ಕಳ ಎತ್ತರ ಗುರುತು ಹಾಕಿದ ಗೀರುಗಳು, ಇವನ್ನು ಮುಟ್ಟಬೇಡಿ. ಇವನ್ನು ಕಣ್ಣಾರೆ ನೋಡಿದವರು ಮಾತ್ರ ಬರೆಯಬಲ್ಲರು. ಉಳಿದ ಬರಹವೂ ಈ ಮೂರು ಸಾಲಿನ ಮಟ್ಟಕ್ಕೆ ಬರಬೇಕು ಎಂಬುದೇ ನನ್ನ ಆಸೆ.

ಪತ್ರಗಳು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷವೂ ಓದಬಹುದು. ಮನೆ ಹಾಗಲ್ಲ. ಈ ಭಾನುವಾರವೇ ಟೇಪು, ಟಾರ್ಚು, ಒಂದು ನೋಟ್‌ಬುಕ್ಕು ಹಿಡಿದು ಹೋಗಿ. ಪ್ರತಿ ಕೋಣೆಯ ಉದ್ದಗಲ ಅಳೆದು ಕೈಯಲ್ಲೇ ನಕ್ಷೆ ಬರೆಯಿರಿ. ಗಜಲಕ್ಷ್ಮಿಯ ಕೆಳಗಿನ ಅಕ್ಷರಗಳ ಫೋಟೊವನ್ನು ಟಾರ್ಚಿನ ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು ತೆಗೆಯಿರಿ, ಮಸುಕಾದದ್ದು ಎದ್ದು ಕಾಣುತ್ತದೆ. ಚಾವಣಿಯ ಬೇರೆ ಬೇರೆ ಕಡೆಯ ಹೆಂಚುಗಳ ಮುದ್ರೆ ನೋಡಿ, ಎಲ್ಲ ಒಂದೇ ಕಾರ್ಖಾನೆಯವೋ ಎಂದು. ಆಮೇಲೆ ಕೆಡವುವ ದಿನ ರಜೆ ಹಾಕಿ ಅಲ್ಲೇ ಇರಿ. ತೊಲೆ ಇಳಿಸುವಾಗ ಬಡಗಿ ಹಾಕಿದ ಗುರುತುಗಳು ಕಾಣುತ್ತವೆ, ಇಟ್ಟಿಗೆಯ ಅಳತೆ ಸಿಗುತ್ತದೆ, ಗಾರೆ ಎಲ್ಲಿ ಮುಗಿದು ಸಿಮೆಂಟು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ನಡುಮನೆಯ ಆ ಗೋಡೆಯನ್ನು ಮೊದಲು ಕೆಡವಲು ಮೇಸ್ತ್ರಿಯನ್ನು ಕೇಳಿಕೊಳ್ಳಿ. ಅದಿಲ್ಲದ ನಡುಮನೆ ಹೇಗಿತ್ತು ಎಂದು ನಿಮ್ಮ ಅಜ್ಜಿ ಒಂದು ಸಲ ನೋಡಲಿ, ಅವರು ಆಗ ಏನು ಹೇಳುತ್ತಾರೋ ಅದನ್ನು ಬರೆದುಕೊಂಡು ನನಗೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ